ಎರಡೂ ಕಡೆ ಆನೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರಿಗಿರುವ ಅಣ್ಣನ ಮನೆ ಇದೆ ಎಂಬುದನ್ನು ದೇವರನ್ನು ನಂಬುವ ಹಾಗೆ ನಂಬಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರ ನಡುವೆ ಮಾತಿಲ್ಲ. ಅವರು ನನಗೆಂದು ಹೇಳಿದ್ದ ಭೂತಗನ್ನಡಿಯನ್ನು ಅಣ್ಣ ಒಯ್ದಿಟ್ಟುಕೊಂಡಿದ್ದ. ಆದರೂ ಗೊಂಬೆಯ ಕೆಲಸ ಒಟ್ಟಿಗೇ ನಡೆಯಬೇಕಲ್ಲ. ತೀರಾ ಬೇಕಾದ ಮಾತಷ್ಟೇ ಅತ್ತಿಗೆಯ ಬಾಯಲ್ಲಿ ರಸ್ತೆ ದಾಟುತ್ತಿತ್ತು.

ಈ ಸಲ ವಸ್ತುಸಂಗ್ರಹಾಲಯದವರು ಕೇಳಿದ್ದು ಜಾಮಾ ಕಾಳಗ. ಎರಡು ಸಾವಿರ ವರ್ಷಗಳ ಹಿಂದೆ, ಆಫ್ರಿಕಾದ ಬಯಲಿನಲ್ಲಿ, ಆನೆಗಳೊಂದಿಗೆ ಬಂದ ಕಾರ್ತೇಜಿನವರು ರೋಮಿನವರಿಗೆ ಸೋತದ್ದು. ಅಷ್ಟನ್ನೂ ಬೆರಳುದ್ದದ ಗೊಂಬೆಗಳಲ್ಲಿ ಒಂದು ಮೇಜಿನ ಮೇಲೆ ತೋರಿಸಬೇಕು. ಸಂಜೆಗೆ ಗಾಡಿ ಬರುತ್ತದೆ. ಕೆಲಸ ಕೆಟ್ಟರೆ ಅಪ್ಪನ ಅಂಗಡಿಗೆ ಬೀಗವೇ ಗತಿ.

ಅತ್ತಿಗೆ ಅಣ್ಣನ ಗೊಂಬೆಗಳನ್ನು ಬಟ್ಟೆ ಮುಚ್ಚಿ ತಂದರು. ನನ್ನವುಗಳ ಜೊತೆ ಸೇರಿಸಿ ಮೇಜಿನ ತುಂಬ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಏನಪ್ಪಾ ಇದು, ಈ ಕಡೆನೂ ಆನೆ, ಆ ಕಡೆನೂ ಆನೆ. ಇವ್ರು ಯಾರ ಜೊತೆ ಹೊಡೆದಾಡೋದು?"

ಹೌದು. ಎರಡೂ ಕಡೆ ಕಾರ್ತೇಜಿನವರೇ. ಹುಡುಕಿದರೂ ಒಬ್ಬ ರೋಮಿನವನೂ ಸಿಗಲಿಲ್ಲ.

ಸೋತವರನ್ನು ಹಿರಿಯವನೇ ಮಾಡಬೇಕು, ಸೋತ ಮುಖ ಮೂಡಿಸುವುದು ಕಷ್ಟ ಎಂಬುದು ಅಪ್ಪ ಹಾಕಿಕೊಟ್ಟ ಪದ್ಧತಿ. ಅಣ್ಣ ಅದನ್ನು ಬಿಟ್ಟಿರಲಿಲ್ಲ. ಅವನ ಕಣ್ಣು ಈಗ ಮೊದಲಿನಷ್ಟು ಚುರುಕಿಲ್ಲ, ಗೆದ್ದವರ ಸುಲಭದ ಕೆಲಸ ಅವನಿಗಿರಲಿ ಎಂದು ನಾನೂ ಸೋತವರನ್ನೇ ಹಿಡಿದಿದ್ದೆ.

"ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳ್ಬೇಕಾದ್ರೆ ಮಾತಾಡ್ಬೇಕಲ್ಲ ಅತ್ತಿಗೆ."

ಅಷ್ಟರಲ್ಲಿ ಅಣ್ಣನೇ ಮಂಜಿನಿಂದ ಬಂದು ಬಾಗಿಲಲ್ಲಿ ನಿಂತ. ಮೇಜನ್ನು ನೋಡಿದ, ಗೋಡೆಗೆ ಹೇಳುವಂತೆ ಹೇಳಿದ: "ನಂದು ಕೆರೆದು ರೋಮಿನವ್ರನ್ನ ಮಾಡೋಣ."

"ನಿಂದು ಯಾವುದು?"

ಅವನು ಬಗ್ಗಿದ. ನಾನೂ ಬಗ್ಗಿದೆ. ಎಲ್ಲ ಸೊಂಡಿಲಿಗೂ ಒಂದೇ ಬಾಗು, ಎಲ್ಲ ಬಾಲಕ್ಕೂ ಅಪ್ಪ ಕಲಿಸಿದ ಅದೇ ತಿರುವು.

"ಇದು ನಂದು."

"ಅಲ್ಲಣ್ಣ, ಅದು ನಂದಿರ್ಬೇಕು."

"ಹಾಗಾದ್ರೆ ಇದು?"

ಗೊತ್ತಾಗಲಿಲ್ಲ. ಮೇಲಿರುವವನೂ ನಮ್ಮ ಜಗಳಗಳನ್ನು ನೋಡಿ ಹೀಗೇ ತಬ್ಬಿಬ್ಬಾಗುತ್ತಾನೋ ಏನೋ.

"ಕಿಟಕಿ ಕಡೆಯವ್ರನ್ನ ಕೆರೀರಿ, ಯಾರದ್ದಾದ್ರೇನು," ಎಂದು ಅತ್ತಿಗೆ ಆ ಕಡೆಯ ಆನೆಗಳನ್ನು ಸೆರಗಿಗೆ ತುಂಬಿಕೊಂಡು ಹೋದರು.

ಅಲ್ಲಿ ಉಳಿದ ಕಾಲಾಳುಗಳ ದುಂಡು ಗುರಾಣಿ ತೆಗೆದು, ರೋಮಿನವರ ಉದ್ದನೆಯದನ್ನು ಅಂಟಿಸಿ, ಬಣ್ಣ ಬಳಿಯಬೇಕು. ಮೊದಲನೆಯವನನ್ನು ಬೆಳಕಿಗೆ ಹಿಡಿದೆ. ಸಾಸಿವೆ ಗಾತ್ರದ ಕೈ. ಬೆರಳೆಲ್ಲಿ, ಗುರಾಣಿಯೆಲ್ಲಿ, ಕಾಣಲಿಲ್ಲ.

ಅಣ್ಣ ಜೇಬಿನಿಂದ ಭೂತಗನ್ನಡಿ ತೆಗೆದ. ಅಂಗಿಯ ತುದಿಯಲ್ಲಿ ಒರೆಸಿ, ಅದನ್ನು ನನ್ನ ಬಲಗೈ ಹತ್ತಿರ ಇಟ್ಟು, ತಾನು ಅಂಟು ಕಲಸಲು ಕುಳಿತ.