ಮಂಚದ ಕೆಳಗಿನ ಹೀಟರ್

ಹಾಸ್ಟೆಲ್ಲಿನ ಊಟದ ಮನೆಯಲ್ಲಿ ತಟ್ಟೆ ತೊಳೆಯುವ ಸಾಲು ನಿಧಾನವಾಗಿ ಸರಿಯುತ್ತಿತ್ತು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದುದರಿಂದ ಮಾತಿಗೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

"ನಿನ್ನನ್ನೂ ಆರಿಸಿದ್ದಾರಂತೆ? ಇನ್ಮೇಲೆ ನಿನ್ನ ಮುಂದೆ ಆಕಳಿಸೋಕೂ ಹೆದರ್ಬೇಕು," ಎಂದಳು ಕೋಣೆಯ ಗೆಳತಿ.

ಪತ್ತೇದಾರಿ ನಕ್ಕಳು. ಯಾರು ಊಟ ಬಿಟ್ಟರು, ಯಾರ ಕಣ್ಣು ಕೆಂಪಗಾಗಿದೆ ಎಂಬುದು ಮೊದಲು ಗೊತ್ತಾಗುತ್ತಿದ್ದುದು ಅವಳಿಗೇ. ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು. ಹಿರಿಯ ವಿದ್ಯಾರ್ಥಿನಿಯರಿಗೆ ತರಬೇತಿ ಕೊಟ್ಟು, ಕಿರಿಯರು ಮನಸ್ಸು ಬಿಚ್ಚಿ ಮಾತಾಡಬಹುದಾದ ಜೊತೆಗಾರರನ್ನಾಗಿ ಮಾಡುವ ಯೋಜನೆ ಕಾಲೇಜಿನಲ್ಲಿ ಆಗಷ್ಟೇ ಶುರುವಾಗಿತ್ತು. ಪತ್ತೇದಾರಿಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ.

"ವಾರ್ಡನ್‌ಗೆ ಎರಡು ಕಿವಿ ಸಾಲ್ತಿಲ್ಲ ಕಣೇ. ನಮ್ಮವನ್ನ ಬಾಡಿಗೆಗೆ ತಗೋತಿದ್ದಾರೆ."

"ಮತ್ಯಾಕೆ ಹೋಗ್ತೀಯ?"

"ಒಳಗೇನು ನಡೆಯುತ್ತೆ ಅಂತ ತಿಳೀಬೇಕಲ್ಲ."

ಇನ್ನೊಂದು ಕಾರಣವನ್ನು ಅವಳು ಹೇಳಲಿಲ್ಲ. ಮೂಲೆಕೋಣೆಯ ಮೊದಲ ವರ್ಷದ ಹುಡುಗಿ ತರಗತಿಯಲ್ಲಿ ಮಾತಾಡಲು ನಿಂತಾಗ ತೊದಲಿದ್ದಳು. ಅಂದಿನಿಂದ ಹಾಸ್ಟೆಲ್ಲಿನ ಪಡಸಾಲೆಯಲ್ಲೆಲ್ಲ ಅದರದೇ ಅಣಕು. ಹುಡುಗಿ ಈಗ ಕ್ಲಾಸಿಗೆ ಹೋಗುತ್ತಿರಲಿಲ್ಲ. ಎಲ್ಲರೂ ಉಂಡೆದ್ದ ಮೇಲೆ ಬಂದು ಉಣ್ಣುತ್ತಿದ್ದಳು. ಕಾಲೇಜು ಬಿಡುವ ಯೋಚನೆಯಲ್ಲಿದ್ದಳು. ಹಿಂದಿನ ದಿನ ಮೆಟ್ಟಿಲ ಬಳಿ ಪತ್ತೇದಾರಿಯನ್ನು ತಡೆದು ಕೇಳಿದ್ದಳು: "ಅಕ್ಕಾ, ನಿಮಗೆ ಹೇಳಿದ್ದು ಬೇರೆಯವ್ರಿಗೆ ಗೊತ್ತಾಗುತ್ತಾ?"

"ಸ್ವಲ್ಪ ತಡಿ. ಮೊದಲು ನಾನು ಪರೀಕ್ಷೆ ಮಾಡಿ ನೋಡ್ತೀನಿ."

ತರಬೇತಿ ಕೊಡುವ ಮೇಡಂ ಕಡಿಮೆ ಮಾತಿನವರು. ಕುರ್ಚಿಗಳನ್ನು ಎದುರುಬದುರಾಗಿ ಹಾಕಿಸಿದರು. "ಒಬ್ಬರು ಹೇಳಿ, ಇನ್ನೊಬ್ಬರು ಕೇಳಿ. ಬುದ್ಧಿ ಹೇಳ್ಬೇಡಿ. ಇಲ್ಲಿ ಕೇಳಿದ್ದು ಇಲ್ಲೇ ಇರಲಿ. ಜೀವಕ್ಕೇ ಅಪಾಯ ಅನ್ನಿಸಿದ್ರೆ ಮಾತ್ರ ನನಗೆ ತಿಳಿಸಿ, ಅದನ್ನೂ ಅವರಿಗೆ ಹೇಳಿಯೇ ತಿಳಿಸಿ."

ಜೋಡಿ ಸಿಗದೆ ಉಳಿದ ಪತ್ತೇದಾರಿಯ ಎದುರು ಮೇಡಂ ತಾವೇ ಕೂತರು. ಬಲೆ ಬೀಸಲು ಇದಕ್ಕಿಂತ ಒಳ್ಳೆಯ ಅವಕಾಶವಿರಲಿಲ್ಲ.

"ಮೇಡಂ, ನಾನು ಕದ್ದುಮುಚ್ಚಿ ನೀರು ಕಾಯಿಸೋ ಹೀಟರ್ ಇಟ್ಕೊಂಡಿದ್ದೀನಿ. ಬೀರುವಿನಲ್ಲಿ, ಪುಸ್ತಕಗಳ ಹಿಂದೆ. ಸಿಕ್ಕಿಬಿದ್ರೆ ಹಾಸ್ಟೆಲ್ಲಿನಿಂದ ಆಚೆ ಹಾಕ್ತಾರೆ ಅಂತ ನಿದ್ದೇನೇ ಬರಲ್ಲ."

ಹೀಟರ್ ಇರಲೇ ಇಲ್ಲ. ಮೇಡಂ ತಲೆಯಾಡಿಸಿದರು. "ಆ ಹೆದರಿಕೆ ತುಂಬಾ ಕಾಡ್ತಿದೆಯಾ?" ಎಂದಷ್ಟೇ ಕೇಳಿದರು.

ಮಧ್ಯಾಹ್ನದ ಊಟಕ್ಕೆ ಕೂತಾಗ ಪತ್ತೇದಾರಿ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದಳು. ಬಚ್ಚಿಡುವ ಜಾಗವಾಗಿ ಬೀರು ಸಪ್ಪೆಯೆನಿಸಿದ್ದರಿಂದ ಅದನ್ನು ಬದಲಾಯಿಸಿದಳು. "ಮಂಚದ ಕೆಳಗೆ, ಬಕೆಟ್ಟಿನೊಳಗೆ ಬಚ್ಚಿಟ್ಟಿದ್ದೀನಿ ಅಂದೆ! ಮುಖ ನೋಡ್ಬೇಕಿತ್ತು, ನಿಜ ಅಂತಲೇ ನಂಬಿಬಿಟ್ರು!" ಪಕ್ಕದ ಮೇಜಿನವರೂ ಊಟ ನಿಲ್ಲಿಸಿ ಕಿವಿಗೊಟ್ಟರು.

ಸಂಜೆ ವಾರ್ಡನ್ ಬಾಗಿಲು ತಟ್ಟಿದರು. ಅತ್ತಿತ್ತ ನೋಡದೆ ಬಗ್ಗಿ, ಮಂಚದ ಕೆಳಗಿನ ಬಕೆಟ್ ಎಳೆದರು. ಅದರಲ್ಲಿ ಒಗೆಯದ ಬಟ್ಟೆಯಷ್ಟೇ ಇತ್ತು.

ಪತ್ತೇದಾರಿ ನೇರ ಮೂಲೆಕೋಣೆಗೆ ಹೋದಳು. "ಪರೀಕ್ಷೆ ಮುಗೀತು. ಮೇಡಂಗೆ ಹೇಳಿದ್ದು ವಾರ್ಡನ್‌ಗೆ ಗೊತ್ತಾಗಿದೆ. ಎಲ್ಲಾ ಒಂದೇ ಗುಂಪು. ಬಾಯಿ ಬಿಡ್ಬೇಡ."

ಹುಡುಗಿ ಗೂಟದ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಚತೊಡಗಿದಳು.

ಮರುದಿನ ಬೆಳಿಗ್ಗೆ ಪತ್ತೇದಾರಿ ತರಬೇತಿಯ ಕೋಣೆಯಲ್ಲಿ ಮೇಡಂ ಎದುರು ನಿಂತಳು. "ನಿಮ್ಮನ್ನ ನಂಬಿ ಹೇಳಿದ್ದಕ್ಕೆ ವಾರ್ಡನ್ ಬಂದು ಹುಡುಕಿದ್ರು."

ಮೇಡಂ ಸಿಟ್ಟಾಗಲಿಲ್ಲ. "ಎಲ್ಲಿ ಹುಡುಕಿದ್ರು?"

"ಮಂಚದ ಕೆಳಗೆ. ನೆಟ್ಟಗೆ ಬಕೆಟ್ಟಿಗೇ ಕೈ ಹಾಕಿದ್ರು."

"ಬೀರು ನೋಡ್ಲಿಲ್ವಾ?"

ಇಲ್ಲ ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಬೀರುವಿನ ಮಾತು ಹೇಳಿದ್ದು ಈ ಕೋಣೆಯಲ್ಲಿ. ಬಕೆಟ್ಟಿನ ಮಾತು ಹುಟ್ಟಿದ್ದು ಊಟದ ಮೇಜಿನಲ್ಲಿ, ತನ್ನ ಬಾಯಿಂದಲೇ. ಅಲ್ಲಿಂದ, ಸುಳ್ಳೆಂಬುದು ಕಳಚಿಕೊಂಡು, ಯಾರ ಬಾಯಿ ದಾಟಿ ವಾರ್ಡನ್ ಬಳಿಗೆ ಹೋಯಿತೋ, ಹುಡುಕುವ ಮನಸ್ಸಾಗಲಿಲ್ಲ.

"ಹೀಟರ್ ಇರ್ಲಿಲ್ಲ ಮೇಡಂ."

"ಇರ್ಲಿ, ಕೂತ್ಕೋ. ಇವತ್ತಿನ ಜೋಡಿಗೆ ಒಬ್ಬರು ಕಡಿಮೆ ಇದ್ದಾರೆ," ಎಂದರು ಮೇಡಂ.

ಆ ಸಂಜೆ ಮೂಲೆಕೋಣೆಯ ಬಾಗಿಲು ಅರೆ ತೆರೆದಿತ್ತು. ಮಂಚದ ಮೇಲೆ ಸುತ್ತಿದ ಹಾಸಿಗೆ. ಪತ್ತೇದಾರಿ ಹೊಸ್ತಿಲಾಚೆಯೇ ನಿಂತಳು.

"ನಿನ್ನೆ ನಾನು ಹೇಳಿದ್ದು ತಪ್ಪು. ಮೇಡಂ ಹೇಳಿರ್ಲಿಲ್ಲ. ಊಟದ ಮನೇಲಿ ನಾನೇ ಬಾಯಿ ಹರಿಬಿಟ್ಟಿದ್ದೆ."

ಹುಡುಗಿ ಅವಳನ್ನೇ ದಿಟ್ಟಿಸಿದಳು. "ಹಾಗಾದ್ರೆ ನಿಮ್ಮನ್ನ ಹೇಗೆ ನಂಬೋದು?"

"ನಂಬಬೇಡ. ಸುಮ್ನೆ ಇಲ್ಲೇ ಕೂತಿರ್ತೀನಿ."

ಅವಳು ಹೊಸ್ತಿಲ ಬಳಿ ನೆಲದ ಮೇಲೆ ಕೂತಳು. ಬುದ್ಧಿಮಾತುಗಳು ನಾಲಿಗೆಯ ತುದಿಗೆ ಬಂದವು, ನುಂಗಿಕೊಂಡಳು. ಊಟದ ಗಂಟೆ ಹೊಡೆಯಿತು. ಸದ್ದೆಲ್ಲ ಕೆಳಗಿಳಿದು ಹೋದ ಮೇಲೆ ಹುಡುಗಿ ಎದ್ದು, ಪತ್ತೇದಾರಿಯನ್ನು ಒಳಗೆ ಕರೆದು, ಬಾಗಿಲು ಹಾಕಿದಳು. ಅವಳು ಹೇಳಿದ್ದು ಆ ಕೋಣೆಯಲ್ಲೇ ಉಳಿಯಿತು.

ತಡವಾಗಿ ಊಟಕ್ಕೆ ಬಂದ ಪತ್ತೇದಾರಿಗೆ ಗೆಳತಿ ಜಾಗ ಮಾಡಿಕೊಟ್ಟಳು. ಮೇಜಿನವರೆಲ್ಲ ಕತ್ತು ಚಾಚಿದರು.

"ಎಲ್ಲಿದ್ದೆ? ಮೂಲೆಕೋಣೇಲಾ? ಏನಂದ್ಲು, ಹೇಳೇ!"

"ಏನಿಲ್ಲ."

"ನಮ್ಮ ಹತ್ರಾನೂ ಹೇಳಲ್ವಾ? ನೀನೂ ವಾರ್ಡನ್ ಕಡೆ ಸೇರ್ಕೊಂಡ್ಯಾ ಹೇಗೆ?" ಗೆಳತಿಯ ಕಣ್ಣಲ್ಲಿ ಸಂಶಯ ಮೂಡಿತು.

ಪತ್ತೇದಾರಿ, ಮೂಲೆಕೋಣೆಯವಳು ಬರಬಹುದೆಂದು, ಬಾಗಿಲ ಕಡೆ ನೋಡಿ, ಪಕ್ಕಕ್ಕೆ ಸರಿದು, ಬೆಂಚಿನ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಳು.