ಏಳನೇ ಪ್ರಶ್ನೆಯ ಸರಿಯುತ್ತರ

ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಿನಲ್ಲಿ ಎಲ್ಲರೂ ‘ಅಕ್ಕ’ ಎಂದು ಕರೆಯುವ ಹಿರಿಯ ಟೆಕ್ನಿಶಿಯನ್ನರ ಲೈಸೆನ್ಸು ಅವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಇಪ್ಪತ್ತೆರಡು ವರ್ಷ ಸೂಜಿ ಸೀಸೆಗಳ ನಡುವೆ ಸವೆದದ್ದು ಲೆಕ್ಕಕ್ಕಿಲ್ಲ. ನವೀಕರಣಕ್ಕೆ ಮೂವತ್ತು ಪಾಯಿಂಟಿನ ‘ನಿರಂತರ ಕಲಿಕೆ’ ಬೇಕು. ಇಪ್ಪತ್ತೆಂಟಾಗಿತ್ತು. ಉಳಿದೆರಡಕ್ಕೆ ಒಂದು ಆನ್‌ಲೈನ್ ಪಾಠ. ಹತ್ತು ಪ್ರಶ್ನೆ, ಹತ್ತೂ ಸರಿಯಾಗಬೇಕು, ಮೂರೇ ಅವಕಾಶ. ತಪ್ಪಿದರೆ ನಾಳೆಯಿಂದ ರಿಪೋರ್ಟುಗಳಿಗೆ ಸಹಿ ಹಾಕುವವನು ಪಕ್ಕದ ಮೇಜಿನ ಪಾಸುರಾಯನೊಬ್ಬನೇ.

ಪಾಸುರಾಯ ಲ್ಯಾಬಿನವರಿಟ್ಟ ಹೆಸರು. ಪಾಠದ ವಿಡಿಯೋಗಳ ಬಾಯಿ ಮುಚ್ಚಿಸಿ ಓಡಲು ಬಿಟ್ಟು, ಗ್ರೂಪಿನಲ್ಲಿ ಬಂದ ಉತ್ತರಗಳನ್ನು ಒತ್ತುವುದು ಅವನ ವ್ಯಾಸಂಗ. ಮೂತ್ರದ ಬಾಟಲಿಗಳಿರುವ ಫ್ರಿಜ್ಜಿನಲ್ಲೇ ಊಟದ ಡಬ್ಬಿ ಇಡುವ ಆತ ‘ಲ್ಯಾಬಿನ ಶುಚಿತ್ವ’ದಲ್ಲಿ ನೂರಕ್ಕೆ ನೂರು!

ಅಕ್ಕ ಎರಡು ಸಲ ಏಳನೇ ಪ್ರಶ್ನೆಯಲ್ಲೇ ಮುಗ್ಗರಿಸಿದ್ದರು. ರಕ್ತಕಣ ಒಡೆದು, ಮೇಲಿನ ಹಳದಿ ತಿಳಿಯೂ ಕೆಂಪಾದ ಸ್ಯಾಂಪಲ್ ಬಂದರೆ ಏನು ಮಾಡಬೇಕು? ‘ಬೇರೆ ರಕ್ತ ತರಿಸಬೇಕು’ ಎಂದು ಒತ್ತಿದರೆ ತಪ್ಪು. ‘ಹಾಗೇ ಮೆಷಿನ್ನಿಗೆ ಹಾಕಿ ರಿಪೋರ್ಟ್ ಕೊಡಬೇಕು’ ಎಂಬ ‘ಬಿ’ ಉತ್ತರವೇ ಸರಿಯಂತೆ.

ಸಹಾಯವಾಣಿಗೆ ಫೋನು ಮಾಡಿದರು.

“ಕೀ ಉತ್ತರ ಕಮಿಟಿಯವ್ರು ಕೊಟ್ಟಿದ್ದು ಮೇಡಂ.”

“ಕಮಿಟಿಯವ್ರು ಯಾವತ್ತಾದ್ರೂ ರಕ್ತ ನೋಡಿದಾರಾ?”

“ಅದಕ್ಕೆ ಬೇರೆ ನಂಬರ್ ಒತ್ತಬೇಕು ಮೇಡಂ.”

“ಒತ್ತಿಬಿಡಿ ಅಕ್ಕ, ಬಿ ಒತ್ತಿ,” ಪಾಸುರಾಯ ಹಲ್ಲುಕಿರಿದ. “ಜ್ಞಾನ ಯಾಕೆ ಅಡ್ಡ ತರ್ತೀರ?”

ಹಾಗೆನ್ನುತ್ತಲೇ ರಿಪೋರ್ಟೊಂದನ್ನು ವಾರ್ಡಿಗೆ ಕಳಿಸಿದ. ಅಕ್ಕ ಇಣುಕಿದರು. ಪೊಟ್ಯಾಷಿಯಂ ಏಳೂವರೆ! ಆ ಮಟ್ಟಕ್ಕೆ ಹೃದಯ ಯಾವ ಗಳಿಗೆಯಲ್ಲಾದರೂ ನಿಂತೀತು. ಮೆಷಿನ್ನಿನಿಂದ ಟ್ಯೂಬು ಎಳೆದರು. ಮೇಲೆ ಹಳದಿ ತಿಳಿ ಇರಬೇಕಾದಲ್ಲಿ ದಾಳಿಂಬೆ ರಸದಂಥ ಕೆಂಪು.

“ಲೋ, ಇದು ಒಡೆದಿರೋ ರಕ್ತ ಕಣೋ! ಕಣದೊಳಗಿನ ಪೊಟ್ಯಾಷಿಯಂ ಆಚೆ ಸುರಿದಿದೆ!”

“ಪಾಠದಲ್ಲಿ ಹಾಕಿ ಅಂತಿತ್ತಲ್ಲ ಅಕ್ಕ…”

ಅಕ್ಕ ವಾರ್ಡಿಗೆ ಫೋನು ತಿರುಗಿಸಿದರು. ಪೊಟ್ಯಾಷಿಯಂ ಇಳಿಸಲು ನರ್ಸು ಸಿರಿಂಜು ತುಂಬಿಯಾಗಿತ್ತು. “ಕೊಡಬೇಡಮ್ಮ! ಇನ್ನೊಂದ್ಸಲ ರಕ್ತ ತೆಗಿ.” ಹೊಸ ಸ್ಯಾಂಪಲ್ಲಿನಲ್ಲಿ ಬಂದದ್ದು ನಾಲ್ಕು. ಎಲ್ಲರಿಗೂ ಇರುವಷ್ಟೇ.

ಐದಕ್ಕೆ ಏಳು ನಿಮಿಷವಿತ್ತು. ಒಂದೇ ಅವಕಾಶ. ಅಕ್ಕ ಪರದೆಯನ್ನು ನೋಡಿದರು, ಆಮೇಲೆ ಪಾಸುರಾಯನನ್ನು. ಅವನು ರಕ್ತದ ಟ್ಯೂಬು ಮುಟ್ಟಿದ ಗ್ಲೌಸಿನಲ್ಲೇ ಬಿಸ್ಕತ್ತು ಮುರಿಯುತ್ತಿದ್ದ. ತಾನು ನಿಜವಾದ ಸರಿಯುತ್ತರ ಕೊಟ್ಟು ಫೇಲಾದರೆ ನಾಳೆ ಈ ಕೈ ಒಂದೇ ಇಡೀ ಆಸ್ಪತ್ರೆಗೆ ಸಹಿ ಹಾಕುತ್ತದೆ.

ಅಕ್ಕ ‘ಬಿ’ ಒತ್ತಿದರು.

‘ಅಭಿನಂದನೆಗಳು! ನೀವೀಗ ಅರ್ಹರು!’ ಪರದೆಯ ಮೇಲೆ ಬಣ್ಣದ ಕಾಗದಚೂರು ಉದುರಿತು. ಕೆಳಗೊಂದು ಕೊನೆಯ ಚೌಕ: ‘ಈ ಪಾಠದಿಂದ ನಿಮ್ಮ ಕೆಲಸದಲ್ಲಾದ ಸುಧಾರಣೆ ಬರೆಯಿರಿ. ತುಂಬಿದರಷ್ಟೇ ಸರ್ಟಿಫಿಕೇಟ್.’

ಅಕ್ಕ ‘ಥೂ’ ಎಂದು ಬರೆದರು.

‘ಕನಿಷ್ಠ ಇಪ್ಪತ್ತು ಪದ ಬೇಕು,’ ಎಂದಿತು ಪರದೆ.

ಅಕ್ಕ ಕುರ್ಚಿ ಮುಂದಕ್ಕೆಳೆದುಕೊಂಡು, ಒಂದೊಂದಾಗಿ ಎಣಿಸುತ್ತ, ಇನ್ನೂ ಹತ್ತೊಂಬತ್ತು ಸಲ ಬರೆದರು.

‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು.’