ಎರಡು ಮೀಟರ್ ಒಳಗೆ

ಒಂಬತ್ತು ದಿನ ಬಿಡದೆ ಸುರಿದ ಮಳೆ ಹತ್ತನೆಯ ದಿನ ಬೆಳಿಗ್ಗೆ ನಿಂತಿತು. ಅವತ್ತೇ ನಮ್ಮ ಮ್ಯಾಚು. ಏಳು ಗಂಟೆಗೆ ನಾನು ಮೈದಾನದ ಗೇಟು ತೆಗೆಯಲು ಹೋದಾಗ ಟಿವಿಯವರ ಮೂರು ಲಾರಿಗಳು ಆಗಲೇ ಹೊರಗೆ ನಿಂತಿದ್ದವು. ನಮ್ಮ ಗೇಟಿಗಿಂತ ಆ ಲಾರಿಗಳೇ ಎತ್ತರ.

ನಾನು ಈ ಕ್ಲಬ್ಬಿನ ಹುಲ್ಲು ನೋಡಿಕೊಳ್ಳುವವನು. ಇಪ್ಪತ್ತಾರು ವರ್ಷವಾಯಿತು. ಆಟಗಾರರು ನನ್ನನ್ನು ಹುಲ್ಲಜ್ಜ ಎಂದು ಕರೆಯುತ್ತಾರೆ. ಮೊದಲು ಸಿಟ್ಟು ಬರುತ್ತಿತ್ತು, ಈಗ ಹಾಗೆ ಕರೆಯದಿದ್ದರೆ ತಿರುಗಿ ನೋಡುವುದಿಲ್ಲ.

ನಮ್ಮದು ಮೂರನೆಯ ಡಿವಿಷನ್. ಫುಟ್‌ಬಾಲಿನ ಡಿವಿಷನ್ನುಗಳೆಂದರೆ ಮೂರಂತಸ್ತಿನ ಮನೆ ಇದ್ದ ಹಾಗೆ, ಒಂದನೆಯದು ಮೇಲೆ, ನಮ್ಮದು ಕೆಳಗೆ. ನೀರಿನ ಟ್ಯಾಂಕು ಮಾಳಿಗೆಯ ಮೇಲಿದೆ, ಅದರಲ್ಲಿರುವುದು ಮ್ಯಾಚು ತೋರಿಸುವುದಕ್ಕೆ ಟಿವಿಯವರು ಕೊಡುವ ದುಡ್ಡು. ಬೇರೆ ಮನೆಗಳಲ್ಲಿ ಟ್ಯಾಂಕು ಮೇಲಿದ್ದರೆ ಕೆಳಗಿನವರಿಗೇ ನೀರು ಜೋರಾಗಿ ಬರುತ್ತದೆ. ಈ ಮನೆಯಲ್ಲಿ ಮಾತ್ರ ಉಲ್ಟಾ. ಮೇಲಿನವರ ಸ್ನಾನ ಆಗಿ, ಕಾರು ತೊಳೆದಾಗಿ, ಕೈತೋಟಕ್ಕೆ ಬಿಟ್ಟಾದ ಮೇಲೆ ನಡುವಿನವರಿಗೆ ಒಂದಿಷ್ಟು. ನಮ್ಮ ನಲ್ಲಿ ತಿರುಗಿಸಿದರೆ ಗಾಳಿ ಬರುವ ಸದ್ದು ಕೇಳುತ್ತದೆ.

ವರ್ಷಕ್ಕೊಮ್ಮೆ ಕಪ್ ಪಂದ್ಯ ನಡೆಯುತ್ತದೆ. ಅದರಲ್ಲಿ ಎಲ್ಲ ಡಿವಿಷನ್ನಿನವರ ಹೆಸರನ್ನೂ ಒಂದೇ ಡಬ್ಬಿಗೆ ಹಾಕಿ ಚೀಟಿ ಎತ್ತುತ್ತಾರೆ. ಈ ಸಲ ನಮಗೆ ಬಂದದ್ದು ಮೇಲಿನ ಮನೆಯವರಲ್ಲೇ ದೊಡ್ಡವರು. ಅವರ ಮೈದಾನದಲ್ಲಿ ಹುಲ್ಲಿಗೆ ಬಿಸಿಲು ಸಾಲದೆಂದು ಚಕ್ರದ ಮೇಲಿನ ದೀಪಗಳನ್ನು ತಳ್ಳಿಕೊಂಡು ಓಡಾಡುತ್ತಾರಂತೆ. ಆ ದೀಪಗಳ ಒಂದು ತಿಂಗಳ ಕರೆಂಟು ಬಿಲ್ಲು, ನಮಗೆ ವರ್ಷಕ್ಕೆ ಸಿಗುವ ಟಿವಿ ಪಾಲಿಗಿಂತ ಹೆಚ್ಚು ಎಂದು ನಮ್ಮ ಸೆಕ್ರೆಟರಿ ಮೇಡಂ ಹೇಳಿದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಆ ಹುಲ್ಲಿನ ಮೇಲೆ ಒಂದರ್ಧ ಗಂಟೆ ಮಲಗಬೇಕು ಅನ್ನಿಸಿತು, ಅಷ್ಟೆ.

ಆ ಮ್ಯಾಚನ್ನು ಟಿವಿಯವರು ನಮ್ಮ ಮೈದಾನದಿಂದಲೇ ತೋರಿಸುತ್ತೇವೆಂದರು. ಅದರಿಂದ ಬರುವ ದುಡ್ಡಿನಲ್ಲಿ ಸೀಸನ್ ಮುಗಿಯುವವರೆಗೆ ಎಲ್ಲರ ಸಂಬಳ ಆಗುತ್ತಿತ್ತು. ಎರಡು ತಿಂಗಳಿಂದ ಯಾರಿಗೂ ಸಂಬಳ ಆಗಿರಲಿಲ್ಲ. ಆದರೆ ಮ್ಯಾಚು ಇವತ್ತೇ ಆಗಬೇಕು. ಮುಂದಕ್ಕೆ ಹೋದರೆ ಟಿವಿಯವರು ಬೇರೆ ಯಾವುದೋ ಊರಿನ ಮ್ಯಾಚು ತೋರಿಸುತ್ತಾರೆ, ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ತೊಂದರೆ ಇದ್ದದ್ದು ಎಡಗಡೆಯ ಮೂಲೆಯಲ್ಲಿ. ಅಂಚಿನ ಗೆರೆಯ ಪಕ್ಕ, ಒಂದೂವರೆ ಮೀಟರ್ ಅಗಲಕ್ಕೆ, ನೆಲದೊಳಗೆ ನೀರು ಹೋಗುವ ಪೈಪು ಕುಸಿದು ನಾಲ್ಕು ವರ್ಷವಾಗಿತ್ತು. ಪ್ರತಿ ವರ್ಷ ಹೇಳಿದೆ, ಪ್ರತಿ ವರ್ಷ ‘ನೋಡೋಣ’ ಎಂದರು. ಈ ವಾರವಿಡೀ ನಾನು ಆ ಪಟ್ಟಿಯನ್ನು ಚುಚ್ಚಿ, ನೀರು ಹಿಂಡಿ, ಮರಳು ತುಂಬಿ, ಹಲಗೆಯಿಂದ ಒತ್ತಿ ಒತ್ತಿ ಗಟ್ಟಿ ಮಾಡಿದ್ದೆ. ಕೈ ಪಳಗಿದ ಕೆಲಸ, ಚೆನ್ನಾಗಿಯೇ ಬಂದಿತ್ತು. ಚೆಂಡು ಬಿಟ್ಟರೆ ಪುಟಿಯುತ್ತಿತ್ತು, ಸುಮ್ಮನೆ ನಡೆದರೆ ಭಾರ ತಡೆಯುತ್ತಿತ್ತು. ಆದರೆ ಓಡಿಬಂದವನು ಅಲ್ಲಿ ಗಕ್ಕನೆ ತಿರುಗಿದರೆ ಮೇಲಿನ ಮರಳು ಒಡೆದು ಕಾಲು ಒಳಗೆ ಸಿಕ್ಕಿಕೊಳ್ಳುತ್ತದೆ. ಮೈ ಒಂದು ಕಡೆ, ಕಾಲು ಒಂದು ಕಡೆ. ಮೇಲೆ ಥಳುಕು, ಒಳಗೆ ಹುಳುಕು. ಎಷ್ಟು ಹುಳುಕು ಎಂದು ಗೊತ್ತಿದ್ದವನು ನಾನೊಬ್ಬನೇ.

ಆ ಮೂಲೆಯಲ್ಲಿ ಓಡುವವನು ನನ್ನ ಅಳಿಯ.

ಹದಿನಾರನೆಯ ವಯಸ್ಸಿಗೆ ಕ್ಲಬ್ಬಿಗೆ ಬಂದವನು. ನನ್ನ ಹುಲ್ಲು ಹಾಳುಮಾಡಿ ಬೈಸಿಕೊಂಡು, ಆಮೇಲೆ ನನ್ನ ಮಗಳನ್ನು ಕೇಳಿಕೊಂಡು ಬಂದ. ಈಗ ಇಪ್ಪತ್ತೊಂಬತ್ತು. ಎಡಬದಿಯ ರಕ್ಷಣೆ ಅವನದು. ಆದರೆ ಅವನ ನಿಜವಾದ ಗಟ್ಟಿತನ ಓಟ. ಹಿಂದಿನಿಂದ ಅಂಚಿನ ಗೆರೆಯ ಗುಂಟ ಓಡಿ ಎಲ್ಲರನ್ನೂ ದಾಟಿ ಹೋಗುತ್ತಾನೆ. ಎರಡು ವರ್ಷದ ಹಿಂದೆ ಬಲ ಮೊಣಕಾಲಿಗೆ ಆಪರೇಷನ್ ಆಗಿತ್ತು. ಇನ್ನೊಂದು ಸಲ ತಿರುಚಿಕೊಂಡರೆ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವುದೂ ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಇನ್ನೆರಡು ತಿಂಗಳಿಗೆ ಅವನ ಕರಾರು ಮುಗಿಯುತ್ತಿತ್ತು. ಎರಡನೆಯ ಡಿವಿಷನ್ನಿನ ಒಂದು ಕ್ಲಬ್ಬಿನವರು ಈ ಮ್ಯಾಚನ್ನು ಟಿವಿಯಲ್ಲಿ ನೋಡುತ್ತೇವೆಂದು ಅವನಿಗೆ ಹೇಳಿ ಕಳಿಸಿದ್ದರು. ಅವರು ತೆಗೆದುಕೊಂಡರೆ ಸಂಬಳ ಮೂರು ಪಟ್ಟು.

ಅವತ್ತು ಗೇಟಿಗೆ ಹೊರಡುವ ಮುಂಚೆ ಮನೆಯಲ್ಲಿ ಚಹಾ ಕುಡಿಯುವಾಗ ಅವನೇ ಕೇಳಿದ.

“ಮಾವ, ಆ ಮೂಲೆ ಹೇಗಿದೆ?”

“ಒದ್ದೆ ಇದೆ.”

“ಒದ್ದೆ ಇಲ್ಲದ್ದು ಯಾವುದು ಹೇಳಿ. ನನ್ನ ಸಾಕ್ಸೂ ಒದ್ದೆ ಇದೆ.”

ಮಗಳು ಒಳಗಿನಿಂದ, “ರಾತ್ರಿ ಒಗೆಯೋಕೆ ಹಾಕಿದ್ರೆ ಬೆಳಿಗ್ಗೆ ಒಣಗಿರುತ್ತಾ? ನಿಮ್ಮಪ್ಪನ ಮನೇಲಿ ದೀಪ ಇಟ್ಟು ಒಣಗಿಸ್ತಿದ್ರಾ?” ಎಂದಳು.

ಅವನು ನಕ್ಕ. ಮಾತು ಅಲ್ಲಿಗೇ ನಿಂತಿತು, ನಾನೂ ನಿಲ್ಲಿಸಿದೆ.

ಎಂಟು ಗಂಟೆಗೆ ರೆಫರಿ ಬರುವವನಿದ್ದ. ಮಳೆಗಾಲದಲ್ಲಿ ಮ್ಯಾಚಿಗೆ ಮುಂಚೆ ರೆಫರಿ ಬಂದು ಮೈದಾನ ನೋಡಿ, ಆಡಬಹುದೋ ಇಲ್ಲವೋ ಹೇಳಬೇಕು. ಅದಕ್ಕೆ ಹತ್ತು ನಿಮಿಷ ಮುಂಚೆ ಸೆಕ್ರೆಟರಿ ಮೇಡಂ ಕೊಡೆ ಹಿಡಿದುಕೊಂಡು ಬಂದರು. ಮಳೆ ಇರಲಿಲ್ಲ. ಆದರೂ ಒಂಬತ್ತು ದಿನದ ಅಭ್ಯಾಸ.

“ಅಜ್ಜ, ಒಂದು ಮಾತು. ನೀವು ಸುಳ್ಳು ಹೇಳಬೇಡಿ. ಕೇಳದೇ ಇದ್ದದ್ದನ್ನ ಹೇಳೋಕೂ ಹೋಗಬೇಡಿ.”

“ಕೇಳಿದ್ರೆ?”

“ಕೆಮ್ಮಿ.” ಅವರ ಮುಖ ನೋಡಿದರೆ ಎರಡು ವಾರದಿಂದ ನಿದ್ದೆ ಮಾಡಿದಂತಿರಲಿಲ್ಲ. “ಬಟ್ಟೆ ಒಗೆಯೋ ಅಕ್ಕ ನಿನ್ನೆ ಮನೆ ಬಾಡಿಗೆಗೆ ಅಂತ ಕಿವಿ ಓಲೆ ಅಡ ಇಟ್ಟು ಬಂದಿದಾಳೆ. ನನಗೆ ಇನ್ನೇನೂ ಹೇಳೋಕೆ ಬರಲ್ಲ ಅಜ್ಜ.”

ಅವರು ಕೆಟ್ಟವರಲ್ಲ. ನಲವತ್ತು ಮನೆಯ ಒಲೆ ಒಬ್ಬರ ತಲೆಯ ಮೇಲೆ ಉರಿಯುತ್ತಿದ್ದರೆ ಯಾರಾದರೂ ಹಾಗೆಯೇ ಮಾತನಾಡುತ್ತಾರೆ.

ರೆಫರಿ ಚೆಂಡು ಹಿಡಿದು ಬಂದ. ಅವನ ಹಿಂದೆಯೇ ದೊಡ್ಡ ಕ್ಲಬ್ಬಿನ ಡಾಕ್ಟರು. ಅವರಲ್ಲಿ ಆಟಗಾರರ ಕಾಲು ನೋಡಿಕೊಳ್ಳುವುದಕ್ಕೇ ಒಬ್ಬ ಡಾಕ್ಟರು, ಮೈದಾನಕ್ಕೆ ಮೊದಲು ಅವರೇ ಬರುತ್ತಾರೆ. ರೆಫರಿಗೆ ಮೈದಾನ ಸುತ್ತಿಸುವುದು ನನ್ನ ಕೆಲಸ. ಈ ಕಸುಬಿನಲ್ಲಿ ಎಲ್ಲರೂ ಗಟ್ಟಿ ಕಡೆಯಿಂದ ಶುರುಮಾಡಿ, ಮೆತ್ತಗಿರುವ ಕಡೆಗೆ ಬರುವಷ್ಟರಲ್ಲಿ ಮಾತಿಗೆಳೆದು ಬೇಗ ದಾಟಿಸುತ್ತಾರೆ. ನಾನೂ ಹಾಗೆಯೇ ಮಾಡಿಕೊಂಡು ಬಂದವನು.

ಮೂಲೆಗೆ ಬಂದೆವು. ರೆಫರಿ ಎದೆಯೆತ್ತರದಿಂದ ಚೆಂಡು ಬಿಟ್ಟ. ಪುಟಿಯಿತು. ಇನ್ನೊಂದು ಸಲ ಬಿಟ್ಟ. ಮತ್ತೆ ಪುಟಿಯಿತು.

“ಈ ಮಳೆಗೆ ಇಷ್ಟು ಚೆನ್ನಾಗಿ ಇಟ್ಟಿದೀರಲ್ಲ, ಭೇಷ್,” ಎಂದ. “ನೀವೇನಂತೀರಿ? ಆಡಬಹುದಾ?”

ಮೇಡಂ ಕೊಡೆಯ ಹಿಡಿ ತಿರುಗಿಸುತ್ತಿದ್ದರು. ಇಲ್ಲ ಎಂದರೆ ನಲವತ್ತು ಮನೆ. ಹೌದು ಎಂದರೆ ಒಂದು ಮೊಣಕಾಲು. ಅಳಿಯನ ಮೊಣಕಾಲಿನ ಮಾತೆತ್ತಿದರೆ ರೆಫರಿ ಪಾಪ ಎನ್ನುತ್ತಿದ್ದ, ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ. ಮೂರನೆಯ ಡಿವಿಷನ್ನಿನ ಮೊಣಕಾಲಿಗೆ ಬೆಲೆ ಎಲ್ಲಿದೆ?

ನನ್ನ ಕಣ್ಣು ಡಾಕ್ಟರ ಮೇಲೆ ಹೋಯಿತು.

“ಆಡಬಹುದು,” ಎಂದೆ. “ಅಂದ ಹಾಗೆ ಡಾಕ್ಟ್ರೇ, ನಿಮ್ಮ ಬಾಣ ಈ ಕಡೆಯಿಂದ್ಲೇ ಅಲ್ವಾ ಓಡೋದು?”

ಬಾಣ ಎಂದರೆ ಅವರ ಬಲಬದಿಯ ಆಟಗಾರ, ಇಡೀ ದೇಶಕ್ಕೆ ಗೊತ್ತಿರುವವನು. ಅವನನ್ನು ಕೊಂಡ ದುಡ್ಡಿನಲ್ಲಿ ನಮ್ಮಂಥ ಹತ್ತು ಕ್ಲಬ್ಬು ಹತ್ತು ವರ್ಷ ನಡೆಯುತ್ತವೆ.

“ಹೌದು, ಯಾಕೆ?”

“ಏನಿಲ್ಲ. ನೀವು ಒಂದ್ಸಲ ಅಲ್ಲಿಂದ ಓಡಿಬಂದು ಇಲ್ಲಿ ಅವನ ಹಾಗೇ ತಿರುಗಿ. ಜೋರಾಗಿ ಬೇಡ.”

ಡಾಕ್ಟರು ನನ್ನ ಮುಖ ನೋಡಿದರು. ಪ್ಯಾಂಟು ಎತ್ತಿಕೊಂಡು ಹತ್ತು ಹೆಜ್ಜೆ ಓಡಿ ತಿರುಗಿದರು. ಬಲಗಾಲು ಪಾದದ ಗಂಟಿನವರೆಗೆ ಒಳಗೆ ಹೋಯಿತು. ಬೀಳುವವರನ್ನು ರೆಫರಿ ಹಿಡಿದುಕೊಂಡ.

“ಅಯ್ಯೋ!” ಎಂದದ್ದು ಮೇಡಂ.

“ಇಲ್ಲಿ ನಮ್ಮ ಹುಡುಗರು ಆಡಲ್ಲ,” ಎಂದರು ಡಾಕ್ಟರು. ಮುಖ ಬಿಳುಚಿಕೊಂಡಿತ್ತು.

“ಇಲ್ಲಿ ಆಡಬೇಡಿ,” ಎಂದೆ ನಾನು. “ಇದನ್ನ ಹೊರಗೆ ಬಿಡೋಣ. ಅಂಚಿನ ಗೆರೆ ಎರಡು ಮೀಟರ್ ಒಳಗೆ ಎಳೀತೀನಿ. ಗೋಲು ನಟ್ಟ ನಡುವೆ ಇರಬೇಕಲ್ಲ, ಆ ಕಡೆಯಿಂದ್ಲೂ ಎರಡು ಮೀಟರ್ ಒಳಗೆ. ಮೈದಾನ ನಾಲ್ಕು ಮೀಟರ್ ಕಿರಿದಾಗುತ್ತೆ. ರೂಲ್ಸಿಗೆ ಇನ್ನೂ ಬೇಕಾದಷ್ಟು ಅಗಲ ಉಳಿಯುತ್ತೆ. ಮೂರು ಗಂಟೆ ಕೊಡಿ.”

ರೆಫರಿ ತಲೆ ಕೆರೆದುಕೊಂಡ. “ಎರಡೂ ಕ್ಲಬ್ಬಿನವರು ಒಪ್ಪಿ ಬರೆದುಕೊಟ್ರೆ ನನ್ನದೇನೂ ತಕರಾರಿಲ್ಲ.”

ಟಿವಿಯ ಕಡೆಯ ಮನುಷ್ಯ ಓಡಿಬಂದ. ಕ್ಯಾಮೆರಾ ಜೋಡಿಸಿ ಆಗಿದೆ, ಜಾಹೀರಾತಿನ ಹಲಗೆಗಳನ್ನು ಗೆರೆಗೆ ಸರಿಯಾಗಿ ಇಟ್ಟಾಗಿದೆ, ಈಗ ಗೆರೆ ಸರಿಸುವುದು ಎಂದರೇನು ಎಂದು ಕೂಗಾಡಿದ. ಡಾಕ್ಟರು ಫೋನ್ ತೆಗೆದು ಪಕ್ಕಕ್ಕೆ ಹೋದರು, ತಮ್ಮ ಕ್ಲಬ್ಬಿನ ಮಾಲೀಕರ ಹತ್ತಿರ ಎರಡು ನಿಮಿಷ ಮಾತನಾಡಿ ಫೋನನ್ನು ಅವನ ಕೈಗೆ ಕೊಟ್ಟರು. ಅವನು ‘ಸರಿ ಸಾರ್, ಆಗಲಿ ಸಾರ್’ ಎಂದು ಎಂಟು ಸಲ ಹೇಳಿದ. ಎರಡೂ ಕ್ಲಬ್ಬಿನವರು ಒಪ್ಪಿಗೆ ಬರೆದುಕೊಟ್ಟರು, ಹಲಗೆ ಹೊರುವುದಕ್ಕೆ ಅವನ ಜನರೇ ಬಂದರು.

ನಾಲ್ಕು ವರ್ಷ ನಾನು ಗಂಟಲು ಹರಿದುಕೊಂಡೆ, ಯಾರೂ ಕೇಳಲಿಲ್ಲ. ದೊಡ್ಡವರ ಮೊಣಕಾಲಿನ ಹೆಸರು ಹೇಳಿದ್ದಕ್ಕೆ ಕಾಲು ಗಂಟೆಯಲ್ಲಿ ಹದಿನೈದು ಜನ ಟೇಪು ಹಿಡಿದು ನಿಂತರು. ನಗು ಬರಬೇಕಿತ್ತು, ಸೊಂಟ ನೋಯುತ್ತಿತ್ತು.

ಹಳೆಯ ಬಿಳಿ ಗೆರೆ ಕಾಣದ ಹಾಗೆ ಹಸಿರು ಬಣ್ಣ ಸಿಂಪಡಿಸಿ, ದಾರ ಕಟ್ಟಿ, ಹೊಸ ಗೆರೆ ಎಳೆದು, ನಾಲ್ಕು ಮೂಲೆಯ ಬಾವುಟ ಕಿತ್ತು ಒಳಗೆ ನೆಟ್ಟು ಮುಗಿಸುವಷ್ಟರಲ್ಲಿ ಹನ್ನೊಂದೂವರೆ. ಆಟಗಾರರು ಮೈ ಬಿಸಿ ಮಾಡಿಕೊಳ್ಳಲು ಬಂದರು. ಅಳಿಯ ನೇರ ನನ್ನ ಹತ್ತಿರ ಬಂದ.

“ಮಾವ, ಇದೇನಿದು?”

“ನೆಲ ಮೆತ್ತಗಿದೆ. ಗೆರೆ ಆಚೆ ಕಾಲಿಡಬೇಡ.”

ಅವನು ಗೆರೆಯಿಂದ ಒಳಗೆ ಹೆಜ್ಜೆ ಹಾಕುತ್ತಾ ಅಳತೆ ನೋಡಿದ. ಮತ್ತೆ ನೋಡಿದ. ಓಡಿಹೋದ. ಆಗ ನನಗೆ ಹೊಳೆಯಿತು. ಆ ಎರಡು ಮೀಟರಿನಲ್ಲೇ ಅವನು ಹತ್ತು ವರ್ಷದಿಂದ ಅನ್ನ ದುಡಿಯುತ್ತಿದ್ದದ್ದು.

ಒಂದು ಗಂಟೆಗೆ ಮ್ಯಾಚು ಶುರುವಾಯಿತು. ಮೂರು ಗೋಲಿನಿಂದ ಸೋತೆವು, ಅದನ್ನು ಎಲ್ಲರೂ ಮೊದಲೇ ಅಂದುಕೊಂಡಿದ್ದರು. ನಾನು ನೋಡಿದ್ದು ಒಬ್ಬನನ್ನೇ. ಮೊದಲ ಹತ್ತು ನಿಮಿಷದಲ್ಲಿ ಅವನು ಎರಡು ಸಲ ಅಂಚಿಗೆ ಓಡಿದ, ಎರಡು ಸಲವೂ ಚೆಂಡು ಗೆರೆ ದಾಟಿತು. ಆಮೇಲೆ ಬಾಣ ಅವನ ಮುಂದೆ ನಿಂತುಬಿಟ್ಟ. ಪಕ್ಕದಲ್ಲಿ ಹೋಗಲು ಜಾಗವಿಲ್ಲ, ಕಿಕ್ಕಿರಿದ ಬಸ್ಸಿನಲ್ಲಿ ಇಳಿಯಲು ನೋಡುವವನ ಹಾಗೆ ಇವನು ಅತ್ತ ಇತ್ತ ನೂಕಾಡಿದ. ತಪ್ಪೇನೂ ಮಾಡಲಿಲ್ಲ. ಟಿವಿಯಲ್ಲಿ ನೋಡಿದವರಿಗೆ ಎಲ್ಲರ ಹಾಗೆ ಆಡುವ ಒಬ್ಬ ಆಟಗಾರ ಕಂಡಿರುತ್ತಾನೆ. ಎಪ್ಪತ್ತನೆಯ ನಿಮಿಷಕ್ಕೆ ಕೋಚು ಅವನನ್ನು ಹೊರಗೆ ಕರೆದ.

ಮ್ಯಾಚು ಮುಗಿದ ಮೇಲೆ ಮೇಡಂ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಅಜ್ಜ, ಸೋಮವಾರ ಎಲ್ಲರಿಗೂ ಸಂಬಳ,” ಎಂದರು. ಅವರಿಗೆ ಅಳು ಬಂತು.

ಜನ ಖಾಲಿಯಾದರು. ಟಿವಿಯವರು ಕೇಬಲ್ಲು ಸುತ್ತುತ್ತಿದ್ದರು. ನಾನು ಕಿತ್ತುಬಂದ ಹುಲ್ಲನ್ನು ಕಾಲಿನಿಂದ ಒತ್ತಿ ಕೂರಿಸುತ್ತಿದ್ದೆ. ಅಳಿಯ ಸ್ನಾನವನ್ನೂ ಮಾಡದೆ, ಬೂಟು ಕಳಚಿ, ಬರೀ ಸಾಕ್ಸಿನಲ್ಲಿ ಬಂದ.

“ಅವರು ಫೋನ್ ಮಾಡಿದ್ರು,” ಎಂದ. “ಚೆನ್ನಾಗಿ ಆಡಿದ್ರಿ, ಆದ್ರೆ ನಾವು ಓಡೋರನ್ನ ಹುಡುಕ್ತಾ ಇದೀವಿ ಅಂದ್ರು. ಓಡೋರನ್ನ!”

ನಾನು ಇನ್ನೊಂದು ಕಡೆ ಕಿತ್ತ ಹುಲ್ಲನ್ನು ಒತ್ತಿ ಕೂರಿಸಿದೆ.

“ಬೇರೆ ಯಾರಾದ್ರೂ ಮಾಡಿದ್ರೆ ಬೈದು ಸುಮ್ಮನಾಗ್ತಿದ್ದೆ. ನೀವೇ ನನ್ನ ಜಾಗ ಕಿತ್ಕೊಂಡ್ರಲ್ಲ ಮಾವ. ಸ್ವಲ್ಪ ಒದ್ದೆ ಇದ್ರೆ ಏನಾಗ್ತಿತ್ತು?”

“ಹೋಗಿ ನೋಡು, ಮೆಲ್ಲಗೆ,” ಎಂದೆ.

ಅವನು ಹೊಸ ಗೆರೆ ದಾಟಿ, ಸಿಟ್ಟಿನಲ್ಲಿ ನಾಲ್ಕು ಹೆಜ್ಜೆ ಓಡಿ, ಹಿಮ್ಮಡಿ ಊರಿ ನನ್ನ ಕಡೆ ತಿರುಗಹೋದ. ಎಡಗಾಲು ಮೊಣಕಾಲಿನ ಕೆಳಗಿನವರೆಗೂ ಇಳಿಯಿತು. ಬೀಳಲಿಲ್ಲ. ಕೈ ಎರಡೂ ಅಗಲಿಸಿ ಹಾಗೆಯೇ ನಿಂತ. ತುಸು ಹೊತ್ತು ಕೆಸರನ್ನೇ ನೋಡಿದ. ಆಮೇಲೆ ತಾನು ಕಾಯುವ ಗೋಲಿನ ಕಡೆ ನೋಡಿದ. ಅಲ್ಲಿಂದ ಎಷ್ಟು ವೇಗವಾಗಿ ಬರುತ್ತಿದ್ದೆ ಎಂದು ಲೆಕ್ಕ ಹಾಕುತ್ತಿರಬೇಕು.

“ಕೈ ಕೊಡಿ ಮಾವ.”

ಹಲಗೆ ಹಾಕಿ ಅದರ ಮೇಲೆ ನಿಂತು ಎಳೆದೆ. ಕಾಲು ಬಂತು, ಸಾಕ್ಸು ಬರಲಿಲ್ಲ. ಇಬ್ಬರೂ ಹಲಗೆಯ ಮೇಲೆ ಕೂತೆವು. ಅವನು ಮೊಣಕಾಲನ್ನು ಎರಡು ಸಲ ಮಡಿಸಿ ಬಿಡಿಸಿ ನೋಡಿಕೊಂಡ.

“ಆದ್ರೂ ನನ್ನನ್ನ ಒಂದು ಮಾತು ಕೇಳಬೇಕಿತ್ತು,” ಎಂದ.

“ಕೇಳಿದ್ರೆ ಏನಂತಿದ್ದೆ?”

“ಆಡ್ತೀನಿ ಅಂತಿದ್ದೆ.”

“ಅದಕ್ಕೇ ಕೇಳಲಿಲ್ಲ.”

ಅವನು ತಲೆಯಾಡಿಸಿದ. ಒಪ್ಪಿದ್ದಕ್ಕೋ ಒಪ್ಪದೇ ಇದ್ದದ್ದಕ್ಕೋ ನನಗೆ ತಿಳಿಯಲಿಲ್ಲ. ಎದ್ದು, ಒಂದು ಕಾಲಲ್ಲಿ ಸಾಕ್ಸು, ಇನ್ನೊಂದು ಬರಿಗಾಲು, ಬಟ್ಟೆ ಬದಲಿಸುವ ಕೋಣೆಯ ಕಡೆ ನಡೆದ. ಎರಡು ಕಾಲಲ್ಲೂ ನೆಟ್ಟಗೆ ನಡೆಯುತ್ತಿದ್ದ. ನಾನು ಅವನು ಒಳಗೆ ಹೋಗುವ ತನಕ ನೋಡುತ್ತಲೇ ಕೂತಿದ್ದೆ.